ಲಕ್ಕಮ್ಮನ ಅಕ್ಕಿ

ಹೋದ ವಾರ ಕಿರಾಣಿ ಅಂಗಡಿ ಹುಡುಗ 5 ಕಿಲೋ ಬದಲು 10 ಕಿಲೋ ಅಕ್ಕಿ ಇಳಿಸಿ ಹೋದ. ಚೀಟಿಯಲ್ಲಿ ಐದೇ. “ಸುಮ್ನಿರ್ರೀ, ದೇವರೇ ಕೊಟ್ಟ ಅಂದ್ಕೊಳ್ಳಿ. ಊರಲ್ಲಿ ಯಾರು ವಾಪಸ್ ಕೊಡ್ತಾರೆ?” ಅಂದರು ಪಕ್ಕದ ಮನೆಯವರು. ಸುಳ್ಳೇಕೆ ಹೇಳಲಿ, ಡಬ್ಬಿಯ ಮುಚ್ಚಳ ತೆಗೆದೂ ಆಗಿತ್ತು. ದೇವರು ಕೊಟ್ಟದ್ದೋ, ನನ್ನ ಆಸೆಯೇ ದೇವರ ಹೆಸರು ಹೇಳುತ್ತಿದೆಯೋ?

ನೆನಪಾದವಳು 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಗಂಡ ಮಾರಯ್ಯ ಆಯ್ದು ತರುವನು. ಅದರಲ್ಲೇ ಇವಳ ಅಡಿಗೆ, ಜಂಗಮ ದಾಸೋಹ. ಒಂದು ದಿನ ಆತ ಹೆಚ್ಚು ತಂದನಂತೆ. ಬಡವರ ಮನೆ, ‘ನಾಳೆಗಾಯಿತು’ ಎನ್ನಬಹುದಿತ್ತಲ್ಲವೇ? ಶಿವನಿಗೆ ಇದು ಸಲ್ಲದೆಂದು, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳಂತೆ. ಹೀಗೆ ಗಂಡನನ್ನೇ ತಿದ್ದಿದವಳ ವಚನಗಳ ಅಂಕಿತ ಏನು ಗೊತ್ತೇ? ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’!

ಮಧ್ಯಾಹ್ನ ನಾನೇ ಚೀಲ ಹಿಡಿದು ಹೋದೆ. ಅಂಗಡಿಯಲ್ಲಿ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಲೆಕ್ಕ ತಪ್ಪಿದ್ದನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳುವುದೆಂದು ಆಗಲೇ ತೀರ್ಮಾನವಾಗಿತ್ತಂತೆ. ಚೀಲ ಕಂಡು ಅವನ ಕಣ್ಣಲ್ಲಿ ನೀರು ಬಂತು.

ಪಕ್ಕದ ಮನೆಯವರು ಇನ್ನೂ ನಗ್ತಾರೆ. ನಗಲಿ ಬಿಡಿ.