ಪೊಟ್ಟಣದ ಹಿಂಬದಿಯ ಬರಹ ಕನ್ನಡದಲ್ಲಿರಲಿ

ಜಾತ್ರೆಯ ದಿನಗಳಲ್ಲಿ ದಾಸೋಹಕ್ಕೆಂದು ಭಕ್ತರು ತರುವ ಜೋಳ, ಬೇಳೆ, ಬೆಲ್ಲಗಳ ಜೊತೆಗೆ ಈಚೆಗೆ ಮಸಾಲೆಪುಡಿಯ ಪೊಟ್ಟಣಗಳೂ ಬಿಸ್ಕತ್ತಿನ ಡಬ್ಬಿಗಳೂ ಬರತೊಡಗಿವೆ. ಜೋಳವನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಅದರ ಗುಣ ತಿಳಿಯುತ್ತದೆ. ಪೊಟ್ಟಣದೊಳಗಿನದು ಹಾಗೆ ತಿಳಿಯುವುದಿಲ್ಲ. ಅದರ ಮೇಲೆ ಬರೆದುದನ್ನೇ ನಂಬಬೇಕು. ಆ ಬರಹವನ್ನೇ ಓದಲಾಗದವರು ಏನನ್ನು ನಂಬಬೇಕು?

ಕಾನೂನು ಇಲ್ಲವೆಂದಲ್ಲ. 1954ರ ಕಲಬೆರಕೆ ತಡೆ ಕಾಯ್ದೆಯ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದಿತು. ಅದರಡಿ ರಚಿತವಾದ ಕೇಂದ್ರದ ಪ್ರಾಧಿಕಾರವು ಯಾವ ಆಹಾರದಲ್ಲಿ ಯಾವ ಬಣ್ಣ, ಯಾವ ಸಂರಕ್ಷಕ ಎಷ್ಟು ಇರಬಹುದೆಂಬುದನ್ನು ಗೊತ್ತುಪಡಿಸುತ್ತದೆ. ಪೊಟ್ಟಣದ ಮೇಲೆ ನಾವು ಕಾಣುವ 14 ಅಂಕಿಗಳ ಪರವಾನಗಿ ಸಂಖ್ಯೆ ಆ ವ್ಯವಸ್ಥೆಯದೇ. 2020ರ ಲೇಬಲ್ ನಿಯಮಗಳಂತೆ, ಬಳಸಿದ ಪದಾರ್ಥಗಳನ್ನು ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಎಂಬ ಕ್ರಮದಲ್ಲಿ ನಮೂದಿಸಬೇಕು. ಯಾವುದಾದರೂ ಪದಾರ್ಥವನ್ನು ಎತ್ತಿ ತೋರಿಸಿ ಮಾರುವುದಾದರೆ ಅದು ಶೇಕಡಾ ಎಷ್ಟಿದೆಯೆಂಬುದನ್ನೂ ತಿಳಿಸಬೇಕು. ಈ ನಿಯಮ ಬಹಳ ಉಪಕಾರಿ. ರಾಗಿಯ ಹೆಸರಿನ ಬಿಸ್ಕತ್ತಿನ ಹಿಂಬದಿಯಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆಗಳಾದ ಮೇಲೆ ರಾಗಿಯ ಸರದಿ ಬಂದಿದ್ದರೆ, ಸಕ್ಕರೆ ಕಾಯಿಲೆಯ ತಾಯಿಗೆ ಅದು ತಕ್ಕದ್ದೇ ಅಲ್ಲವೇ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೆ ಆ ತಾಯಿ ಅದನ್ನು ಓದುವುದು ಹೇಗೆ? ಅದೇ ನಿಯಮಗಳು ಈ ವಿವರಗಳೆಲ್ಲ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕೆನ್ನುತ್ತವೆ. ಜೊತೆಗೆ ಬೇರೆ ಭಾಷೆಯನ್ನು ಬಳಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಹೀಗಾಗಿ ತಿಳಿಯುವ ಹಕ್ಕು ನಮ್ಮ ಹಳ್ಳಿಯ ಹಿರಿಯರ ಮಟ್ಟಿಗೆ ಕಾಗದದ ಮೇಲಿನ ಹಕ್ಕಾಗಿಯೇ ಉಳಿದಿದೆ.

ಅಕ್ಷರ ಬಾರದವರಿಗೂ ತಿಳಿಯುವಂತಹುದು ಹಸಿರು ಗುರುತೊಂದೇ. ಮಾಂಸಾಹಾರಕ್ಕೆ ಈಗ ಕಂದು ಬಣ್ಣದ ತ್ರಿಕೋನದ ಗುರುತಿದೆ. ಶಾಕಾಹಾರವನ್ನು ವ್ರತದಂತೆ ಪಾಲಿಸುವ ನಮ್ಮ ಮನೆಗಳು ಹಸಿರು ಚುಕ್ಕೆಯನ್ನು ನೋಡಿ ನಿಶ್ಚಿಂತವಾಗುತ್ತವೆ. ಆದರೆ ಆ ಗುರುತನ್ನು ಹಾಕುವವನು ತಯಾರಕನೇ. ಪ್ರತಿ ಲೇಬಲ್ಲನ್ನೂ ಪ್ರಾಧಿಕಾರ ಮೊದಲೇ ಪರೀಕ್ಷಿಸಿ ಒಪ್ಪಿಗೆ ಕೊಡುವ ಪದ್ಧತಿಯಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ 631 ಎಂಬ ಸಂಖ್ಯೆಯನ್ನು ಕಂಡವರು ಉಂಟು. ಅದು ರುಚಿವರ್ಧಕ. ಅದನ್ನು ಮೀನು, ಮಾಂಸಗಳಿಂದಲೂ ತೆಗೆಯಬಹುದು, ಸಸ್ಯಮೂಲದ ಪಿಷ್ಟವನ್ನು ಹುದುಗಿಸಿಯೂ ಪಡೆಯಬಹುದು. ಸಂಖ್ಯೆ ಮಾತ್ರ ಎರಡಕ್ಕೂ ಒಂದೇ. 2021ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಈ ಸಂಗತಿಯನ್ನೇ ಎತ್ತಿಕೊಂಡು, ಸಂಕೇತ ಸಂಖ್ಯೆಯಷ್ಟೇ ಸಾಲದು, ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಪ್ರಯೋಗಾಲಯವೋ ಎಂಬುದನ್ನೂ ತಿಳಿಸಬೇಕೆಂದು ನಿರ್ದೇಶಿಸಿತು. ಪ್ರಮಾಣ ಎಷ್ಟೇ ಅಲ್ಪವಾಗಿದ್ದರೂ ಮಾಂಸಮೂಲದ ಪದಾರ್ಥ ಸೇರಿದ ಆಹಾರ ಮಾಂಸಾಹಾರವೇ ಎಂದಿತು. ನಾವು ಈ ಮಾತನ್ನು ಮನಸಾರೆ ಒಪ್ಪುತ್ತೇವೆ.

ಎಲ್ಲವನ್ನೂ ಅಧಿಕಾರಿಗಳೇ ಕಾಯಲಿ ಎನ್ನುವುದು ನ್ಯಾಯವಲ್ಲ. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಿಗೆ ರೊಡಮೈನ್-ಬಿ ಬಣ್ಣ ಬೆರೆಸುವುದನ್ನು ತಡೆದದ್ದು ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ ಮೇಲೆಯೇ. ಬೀದಿಯ ತಿನಿಸಿಗೆ ಲೇಬಲ್ಲಿಲ್ಲ, ಅಲ್ಲಿ ಅಧಿಕಾರಿಯ ಕಣ್ಣೇ ಗತಿ. ಪೊಟ್ಟಣದ ಆಹಾರದಲ್ಲಾದರೋ ಕೊಳ್ಳುವವರ ಕಣ್ಣೂ ಕಾವಲಿಗೆ ನಿಲ್ಲಬಹುದು, ಓದುವಂತಿದ್ದರೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂಬ ಆಶಯವನ್ನು ಮುಂದಿಟ್ಟಿದೆ. ಆ ಸಾಲಿಗೆ ಪದಾರ್ಥಗಳ ಪಟ್ಟಿ, ಉಪ್ಪು–ಸಕ್ಕರೆ–ಕೊಬ್ಬುಗಳ ಪ್ರಮಾಣ, ಒಗ್ಗದಿಕೆಯ ಎಚ್ಚರಿಕೆ ಇವೂ ಸೇರಬೇಕು. ಕೇಂದ್ರದ ನಿಯಮದಲ್ಲಿಯೂ ಮಾರಾಟವಾಗುವ ರಾಜ್ಯದ ಭಾಷೆ ಕಡ್ಡಾಯವಾಗಬೇಕು. ಪೊಟ್ಟಣದಲ್ಲಿ ಜಾಗವಿಲ್ಲವೆಂದು ತಯಾರಕರು ಹೇಳಬಹುದು. ಮುಂಬದಿಯಲ್ಲಿ ನಗುವ ಚಿತ್ರನಟರಿಗೆ ದೊರೆತಿರುವ ಜಾಗವನ್ನು ಕಂಡವರಾರೂ ಆ ಮಾತನ್ನು ಒಪ್ಪಲಾರರು.

ಸಂಶಯ ಬಂದವರಿಗೆ ಇಂದಿನ ಕಾಯ್ದೆಯಲ್ಲಿಯೇ ಒಂದು ದಾರಿಯಿದೆ. ಕೊಂಡ ಆಹಾರವನ್ನು ನಿಗದಿತ ಶುಲ್ಕ ಕೊಟ್ಟು ಸರ್ಕಾರದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ಮರಳಿ ದೊರೆಯುತ್ತದೆ. ಇದಕ್ಕೆ ಖರೀದಿಯ ರಸೀದಿಯನ್ನು ಎಸೆಯದೆ ಇಟ್ಟುಕೊಂಡಿರುವುದು ಒಳಿತು.