ಕಳ್ಳಬಾಗಿಲ ಕೂಗು

೨೦೧೭ನೆಯ ಜನವರಿಯಲ್ಲಿ ಲಂಡನ್ನಿನ ಗಾರ್ಡಿಯನ್ ಪತ್ರಿಕೆಯು, ವಾಟ್ಸ್ಆ್ಯಪಿನಲ್ಲಿ ಗೂಢಚರ್ಯೆಗೆ ಅನುಕೂಲವಾದ ಕಳ್ಳಬಾಗಿಲೊಂದಿದೆಯೆಂದು ಸಾರಿತು. ನಿಜವಾಗಿ ಇದ್ದುದೇನು? ಸಂದೇಶ ಪಡೆಯತಕ್ಕವನು ಫೋನು ಬದಲಿಸಿದರೆ, ಅವನಿಗಿನ್ನೂ ಮುಟ್ಟದಿದ್ದ ಸಂದೇಶಗಳು, ಕಳುಹಿಸಿದವನನ್ನು ಕೇಳದೆಯೇ, ಹೊಸ ಗೂಢಲಿಪಿಯ ಕೀಲಿಯಿಂದ ಭದ್ರವಾಗಿ ಮರಳಿ ಹೊರಡುತ್ತಿದ್ದುವು. ಇದನ್ನು ಲೋಪವೆನ್ನಿ, ಸೌಕರ್ಯಕ್ಕಾಗಿ ಮಾಡಿದ ಏರ್ಪಾಡೆನ್ನಿ, ಬೇಹುಗಾರಿಕೆಯೆನ್ನಲು ಆಧಾರವೆಲ್ಲಿ? ಬಲ್ಲವರಲ್ಲಿ ನಾಲ್ವರನ್ನು ವಿಚಾರಿಸಲು ಎಷ್ಟು ಹೊತ್ತು ಬೇಕಿತ್ತು! ಕಡೆಗೆ ೭೦ಕ್ಕೂ ಮಿಕ್ಕ ತಜ್ಞರು ಜೈನೆಪ್ ತುಫೆಕ್ಚಿಯವರ ಬಹಿರಂಗ ಪತ್ರಕ್ಕೆ ರುಜು ಹಾಕಬೇಕಾಯಿತು. ಬೆದರಿದ ಜನರು, ಪತ್ರಕರ್ತರೂ ಸಹ, ಗೂಢಲಿಪಿಯ ಕಾವಲೇ ಇಲ್ಲದ ಎಸ್ಸೆಮ್ಮೆಸ್ಸಿಗೆ ಮರಳುತ್ತಿರುವರೆಂದು ಆ ಪತ್ರವೇ ಹೇಳಿತು. ಸರ್ಕಾರದ ಕಣ್ಣಿಗೆ ಅಂಜಿ ಬಾಳುವವನನ್ನು ಬೀಗವಿದ್ದ ಮನೆಯಿಂದೆಬ್ಬಿಸಿ ಬೀದಿಯಲ್ಲಿ ಮಲಗಿಸುವುದು ಜನಸೇವೆಯೆ? ಪತ್ರಿಕೆಯ ಓದುಗರ ಸಂಪಾದಕರು ವರದಿ ದೋಷಯುಕ್ತವೆಂದು ಒಪ್ಪಿದ್ದು ಜೂನಿನಲ್ಲಿ. ವರದಿಯನ್ನು ತಿದ್ದಿದರು, ಹಿಂದಕ್ಕೆ ಪಡೆಯಲಿಲ್ಲ.