ಕುದುರೆಮುಖಕ್ಕೆ ಕಣ್ಣೀರು, ಬನ್ನೇರುಘಟ್ಟಕ್ಕೆ ಅಡ್ವಾನ್ಸು

ಕಳೆದ ತಿಂಗಳು ಒಂದರ ಹಿಂದೊಂದು ಎರಡು ಶನಿವಾರ ಎರಡು ಕಾಡು ನೋಡಿ ಬಂದೆ. ಅವತ್ತಿಂದ ತಲೆಯೊಳಗೆ ಒಂದು ಹುಳ ಕೊರೀತಾ ಇದೆ. ಬೈಯೋದು ಮೊದಲು ನನ್ನನ್ನೇ, ಆಮೇಲೆ ನಿಮ್ಮನ್ನೂ ಸ್ವಲ್ಪ :-)

ಮೊದಲನೇ ಶನಿವಾರ ಕುದುರೆಮುಖ. ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಬಿಟಿಎಂ ಲೇಔಟಿನಲ್ಲಿ ಟಿಟಿ ಹತ್ತಿದ್ವಿ. ಬೆಳಿಗ್ಗೆ ಕಳಸದ ಕಡೆ ಇಳಿದು, ಜೀಪಲ್ಲಿ ಎದ್ದುಬಿದ್ದು ಮುಳ್ಳೋಡಿ ಸೇರಿ, ಅಲ್ಲಿಂದ ನಡಿಗೆ. ಬೆಟ್ಟದ ಮೈತುಂಬಾ ಹುಲ್ಲು, ಕಣಿವೆಯ ಸಂದುಗಳಲ್ಲಿ ಕಪ್ಪಗೆ ಒತ್ತಿಕೊಂಡ ಶೋಲಾ ಕಾಡು. ಮಳೆನೀರನ್ನ ಹಿಡಿದಿಟ್ಟು ಬೇಸಿಗೆಯಲ್ಲೂ ಹಳ್ಳಕ್ಕೆ ಬಿಡೋದು ಇವೆರಡೂ ಸೇರಿಯೇ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟೋದು ಈ ಬೆಟ್ಟಸಾಲಲ್ಲೇ.

ದಾರಿಯುದ್ದಕ್ಕೂ ಗಣಿಗಾರಿಕೆಯದೇ ಮಾತು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆದಮೇಲೂ ಕಬ್ಬಿಣದ ಅದಿರು ತೆಗೀತಾನೇ ಇದ್ದದ್ದು, 2002ರ ಸುಪ್ರೀಂ ಕೋರ್ಟ್ ಆದೇಶ, 2005ರ ಕೊನೆಗೆ ಗಣಿ ನಿಂತಿದ್ದು. "ನೋಡ್ರೋ, ಜನ ಮನಸ್ಸು ಮಾಡಿದ್ರೆ ಆಗುತ್ತೆ" ಅಂದ ಒಬ್ಬ. ಎಲ್ಲರೂ ಎದೆ ಉಬ್ಬಿಸಿಕೊಂಡ್ವಿ. ಗಣಿ ನಿಂತಾಗ ನಮ್ಮಲ್ಲಿ ಯಾರೂ ಹೈಸ್ಕೂಲಿಗೇ ಬಂದಿರಲಿಲ್ಲ! ಹೋರಾಡಿದೋರು ಬೇರೆ ಯಾರೋ, ಫೋಟೋ ತೆಗೆಸಿಕೊಂಡೋರು ನಾವು.

ಮುಂದಿನ ಶನಿವಾರ ಬನ್ನೇರುಘಟ್ಟ. ಅಪ್ಪ ಹಾಸನದಿಂದ ಬಂದಿದ್ರು, ಸೈಟು ನೋಡೋಕೆ. ಜೆಪಿ ನಗರದ ನಮ್ಮ ಬಾಡಿಗೆ ಮನೆಯಿಂದ ಬನ್ನೇರುಘಟ್ಟ ರಸ್ತೆ ಹಿಡಿದು ಹೊರಟ್ವಿ. ಬ್ರೋಕರ್ ಕಲ್ಲು ನೆಟ್ಟ ಹೊಲದಲ್ಲಿ ನಿಲ್ಲಿಸಿ ಕೈ ತೋರಿಸಿದ. "ಎದುರಿಗೇ ಫಾರೆಸ್ಟು ಸಾರ್. ಲೈಫ್ ಲಾಂಗ್ ಯಾರೂ ಬಿಲ್ಡಿಂಗ್ ಎಬ್ಬಿಸಂಗಿಲ್ಲ. ಗಾಳಿ ನೋಡಿ ಹೆಂಗಿದೆ!"

"ಆನೆ ಗೀನೆ ಬರುತ್ತೇನಪ್ಪಾ?" ಅಂತ ಅಪ್ಪ ಕೇಳಿದ್ರು.

"ಮುಂಚೆ ಬರ್ತಿದ್ವು ಸಾರ್. ಲೇಔಟ್ ಆದಮೇಲೆ ಬರಲ್ಲ." ನೀರು, ಕರೆಂಟು, ಆಮೇಲೆ ಆನೆ ಇಲ್ಲ, ಅದೂ ಒಂದು ಸೌಲಭ್ಯ.

ನಾಚಿಕೆಯಿಂದ ಹೇಳ್ತೀನಿ, ಆ ಕ್ಷಣ ನಾನೂ ತಲೆ ಆಡಿಸಿದೆ. ವಾಪಸ್ ಬರೋವಾಗ ಮೊಬೈಲಲ್ಲಿ ಹಿಂದಿನ ವಾರದ ಫೋಟೋಗಳು ಕಂಡಾಗ್ಲೇ ತಲೆಗೆ ಹೊಡೆದಂಗಾಯ್ತು.

ಬನ್ನೇರುಘಟ್ಟ ಅಂದ್ರೆ ನಮಗೆಲ್ಲ ಝೂ, ಸಫಾರಿ, ಸ್ಕೂಲ್ ಟ್ರಿಪ್ಪು, ಅಷ್ಟೇ. ಆ ಜೈವಿಕ ಉದ್ಯಾನವನ್ನ 2002ರಲ್ಲೇ ಬೇರೆ ಮಾಡಿದ್ದಾರೆ. ಅದರಾಚೆಗಿನ ಅಸಲಿ ಕಾಡು 1974ರಲ್ಲೇ ರಾಷ್ಟ್ರೀಯ ಉದ್ಯಾನ ಆದದ್ದು, ಈಗ ಸುಮಾರು 260 ಚದರ ಕಿ.ಮೀ. ದಕ್ಷಿಣಕ್ಕೆ ತಮಿಳುನಾಡಿನ ತಳಿ ಕಾಡು, ಕಾವೇರಿ ವನ್ಯಧಾಮದ ತನಕ ಆನೆಗಳು ಓಡಾಡೋ ದಾರಿ ಇದು. ಉದ್ದಕ್ಕೆ ಚಾಚಿಕೊಂಡ ಕಾಡು, ಕೆಲವು ಕಡೆ ಅಗಲ ತೀರಾ ಕಮ್ಮಿ. ಇಂಥ ಕಾಡಿಗೆ ಅಂಚೇ ಪ್ರಾಣ.

ಆ ಅಂಚಿಗೇನಾಯ್ತು ನೋಡಿ. 2016ರ ಕರಡಿನಲ್ಲಿ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 268.96 ಚದರ ಕಿ.ಮೀ. ಇತ್ತು. 2020ರ ಮಾರ್ಚ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಉಳಿದದ್ದು 168.84. ನೂರು ಚದರ ಕಿ.ಮೀ. ಮಾಯ! ಬೆಂಗಳೂರಿನ ಕಡೆ ಕೆಲವೆಡೆ ಈ ವಲಯದ ಅಗಲ ಬರೀ 100 ಮೀಟರ್. ನಮ್ಮ ಮನೆಯಿಂದ ರಸ್ತೆ ತುದಿಯ ದರ್ಶಿನಿಗೆ ಅದಕ್ಕಿಂತ ಜಾಸ್ತಿ ನಡೀಬೇಕು.

ಈ ವಲಯ ಅಂದ್ರೆ ರೈತರನ್ನ ಒಕ್ಕಲೆಬ್ಬಿಸೋದು ಅನ್ನೋರಿದ್ದಾರೆ. ಸುಳ್ಳು. ಬೇಸಾಯಕ್ಕೆ ಅಡ್ಡಿ ಇಲ್ಲ, ಹಳ್ಳಿ ಖಾಲಿ ಮಾಡಿಸಲ್ಲ. ತಡೆ ಇರೋದು ಹೊಸ ಕಲ್ಲುಗಣಿ, ಕ್ರಷರ್, ಹೊಗೆ ಕಾರೋ ಕಾರ್ಖಾನೆಗೆ. ಕಟ್ಟಡಗಳಿಗೆ ಲಗಾಮು. ಹಾಗಾದ್ರೆ ವಲಯ ಕುಗ್ಗಿದ್ರೆ ಲಾಭ ಯಾರಿಗೆ? ರಾಗಿ ಕೊಯ್ಲಿನ ಹೊತ್ತಿಗೆ ರಾತ್ರಿಯೆಲ್ಲಾ ಹೊಲ ಕಾಯೋ ರೈತನಿಗಂತೂ ಅಲ್ಲ. ನಡುವೆ ಲೇಔಟು ಎದ್ದಷ್ಟೂ ದಾರಿ ತಪ್ಪಿದ ಆನೆ ಇನ್ನೊಬ್ಬ ರೈತನ ಹೊಲಕ್ಕೇ ನುಗ್ಗುತ್ತೆ. ಸೈಟು ನಮ್ಮದು, ನಷ್ಟ ಅವನದು.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆ ಸೇರಿದಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನ ಅಂತ ಮಿತಿ ತಂತು. ಚಾರಣ ಹೋಗೋ ನಾವು ಗೊಣಗಿಕೊಂಡಾದ್ರೂ ಒಪ್ಪಿದ್ವಿ. ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಕಾಡಿಗೆ ಇಷ್ಟೇ ಜನ ಸಾಕು ಅಂತ ನಮಗೆ ಅರ್ಥ ಆಗುತ್ತೆ. ಇಪ್ಪತ್ತು ಕಿಲೋಮೀಟರಿನೊಳಗಿನ ಕಾಡಿಗೆ ಮಾತ್ರ ಕಾಂಪೌಂಡ್ ಅಂಟಿಸಿ ಮನೆ ಕಟ್ಟಬೇಕು! ದೂರದ ಕಾಡನ್ನ ಪ್ರೀತಿಸೋಕೆ ಟಿಟಿ ಬಾಡಿಗೆ ಕೊಟ್ರೆ ಆಯ್ತು. ಹತ್ತಿರದ್ದನ್ನ ಪ್ರೀತಿಸಬೇಕು ಅಂದ್ರೆ ಏನಾದ್ರೂ ಬಿಡಬೇಕಾಗುತ್ತೆ. ಕಷ್ಟ ಇರೋದೇ ಅಲ್ಲಿ.

ಸೈಟು ಬೇಡ ಅಂದೆ. ಅಪ್ಪನಿಗೆ ಕೋಪ ಬಂತು. "ನೀನು ಬಿಟ್ರೆ ಇನ್ನೊಬ್ಬ ತಗೋತಾನೆ. ಆನೆ ಏನು ನಿನ್ನ ಹೆಸರು ಬರ್ಕೊಂಡಿರುತ್ತಾ?" ಅಂದ್ರು. ಇಪ್ಪತ್ತೈದು ವರ್ಷ ದುಡಿದು ಕೂಡಿಟ್ಟ ದುಡ್ಡು ಅವರದು, ಬೆಂಗಳೂರಲ್ಲಿ ಬೇರೆಲ್ಲಿ ಆ ರೇಟಿಗೆ ಸೈಟು ಸಿಗುತ್ತೆ ಅನ್ನೋ ಅವರ ಪ್ರಶ್ನೆಗೆ ನನ್ನತ್ರ ಉತ್ತರ ಇಲ್ಲ. ಆದರೆ ಇನ್ನೊಬ್ಬ ತಗೋತಾನೆ ಅಂತ ನಾವೆಲ್ಲ ಹೇಳಿಕೊಂಡೇ ಆ ಹೊಲಗಳಿಗೆಲ್ಲ ಕಲ್ಲು ಬಿದ್ದಿರೋದು. ಆ ಇನ್ನೊಬ್ಬ ಯಾರೋ ಅಲ್ಲ ಸ್ವಾಮಿ, ಜಯನಗರ, ಬನಶಂಕರಿಯಲ್ಲಿ ಕೂತು ಕಾಡಿನ ಫೋಟೋ ಹಾಕೋ ನಾನು, ನೀವು.

ಅದಕ್ಕೇ ಕೇಳ್ತಿದ್ದೀನಿ. ಆ ಕಡೆ ಸೈಟು ನೋಡೋಕೆ ಹೋದ್ರೆ ಅಡ್ವಾನ್ಸ್ ಕೊಡೋ ಮುಂಚೆ ಕಾಡಿನ ಗಡಿ ಎಲ್ಲಿದೆ, ಸೂಕ್ಷ್ಮ ವಲಯ ಎಲ್ಲಿದೆ ಅಂತ ನಕ್ಷೆ ತರಿಸಿ ನೋಡಿ. ವೋಟು ಕೇಳೋಕೆ ಬಂದೋರನ್ನ 2016ರ ಗಡಿ ಯಾವಾಗ ವಾಪಸ್ ತರ್ತೀರಾ ಅಂತ ಕೇಳಿ. ಕುದುರೆಮುಖಕ್ಕೆ ಖಂಡಿತ ಹೋಗಿ, ನಾನೂ ಬರ್ತೀನಿ. ಆದರೆ ಗಣಿ ನಿಲ್ಲಿಸಿದ ಕಥೆಯನ್ನ ಅಲ್ಲಿ ನಿಂತು ಹೇಳೋ ಮುಂಚೆ ಇಷ್ಟಾದ್ರೂ ಮಾಡಿರೋಣ.

ಅಪ್ಪ ಇನ್ನೂ ಸರಿಯಾಗಿ ಮಾತಾಡ್ತಿಲ್ಲ. ಬ್ರೋಕರ್ ಮಾತ್ರ ದಿನಾ ಫೋನ್ ಮಾಡ್ತಾನೆ. ಏನಂತೀರಾ?